ಟೀಚಿಂಗ್ ಫಿಲಾಸಫಿ ಎರಡು ಪುಟ ಬರೆದುಕೊಡಿ ಅಂದಿದ್ದಾರೆ. ಏನಂತ ಬರೆಯೋದು?

ಯಶವಂತಪುರದ ಎಕನಾಮಿಕ್ಸ್ ಮಿಸ್

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ವಿಷಯ ಅರ್ಥಶಾಸ್ತ್ರ. ಬೆಂಗಳೂರಿನದೇ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕ್ತಿದ್ದೇನೆ. ಕೆ-ಸೆಟ್ (ರಾಜ್ಯದ ಉಪನ್ಯಾಸಕ ಅರ್ಹತಾ ಪರೀಕ್ಷೆ) ಸರ್ಟಿಫಿಕೇಟು, ಅನುಭವ ಪತ್ರ, ಪ್ರಕಟಿತ ಲೇಖನಗಳ ಪಟ್ಟಿ ಎಲ್ಲ ತಯಾರಿದೆ. ಸಿಕ್ಕಿಹಾಕಿಕೊಂಡಿರೋದು ಒಂದು ಕಡೆ: ಎರಡು ಪುಟ ಮೀರದಂತೆ "ಟೀಚಿಂಗ್ ಫಿಲಾಸಫಿ", ಅಂದರೆ ನಾನು ಹೇಗೆ ಕಲಿಸ್ತೀನಿ, ಯಾಕೆ ಹಾಗೆ ಅನ್ನೋದನ್ನು ಬರೆಯಬೇಕು, ಬೇರೆ ಬೇರೆ ಹಿನ್ನೆಲೆಯ ವಿದ್ಯಾರ್ಥಿಗಳನ್ನು ಪಾಠದೊಳಕ್ಕೆ ಹೇಗೆ ತರ್ತೀರಿ ಅನ್ನೋದೂ ಅದರಲ್ಲೇ ಬರಬೇಕು.

ನಾನು ಶುರು ಮಾಡಿರೋದು ಹೀಗೆ: "ಪ್ರತಿಯೊಬ್ಬ ವಿದ್ಯಾರ್ಥಿಯೂ ವಿಶಿಷ್ಟ. ನಾನು ವಿದ್ಯಾರ್ಥಿ ಕೇಂದ್ರಿತ, ಸಮಗ್ರ ಹಾಗೂ ಮೌಲ್ಯಾಧಾರಿತ ಕಲಿಕೆಯಲ್ಲಿ ನಂಬಿಕೆ ಇಟ್ಟಿದ್ದೇನೆ. ಜಾತಿ, ಭಾಷೆ, ಲಿಂಗ, ಅಂಗವೈಕಲ್ಯದ ಭೇದವಿಲ್ಲದೆ ಎಲ್ಲರನ್ನೂ ಸಮಾನವಾಗಿ ಕಾಣುತ್ತೇನೆ."

ಓದಿದರೆ ನನಗೇ ಆಕಳಿಕೆ ಬರ್ತಿದೆ. ಬರೆದು ಅಭ್ಯಾಸ ಇರೋರು ದಾರಿ ತೋರಿಸಿ.

ಕೆಂಗೇರಿ ಕಾಮರ್ಸ್

ಚೆನ್ನಾಗೇ ಇದೆಯಲ್ಲ ಮೇಡಂ, ಇದನ್ನೇ ಎರಡು ಪುಟಕ್ಕೆ ಎಳೀರಿ. ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ತಂಡ ಬಂದಾಗ ತೋರ್ಸೋಕೆ ಫೈಲಲ್ಲಿ ಒಂದು ಹಾಳೆ ಬೇಕು, ಅದಕ್ಕೆ ಕೇಳಿರ್ತಾರೆ. ಯಾರೂ ಓದಲ್ಲ.

ನಿವೃತ್ತ ಮೇಷ್ಟ್ರು, ಜಯನಗರ

ಓದುತ್ತಾರೆ ಸ್ವಾಮಿ. ಆಯ್ಕೆ ಸಮಿತಿಗಳಲ್ಲಿ ಕೂತು ಓದಿದವನೇ ಹೇಳುತ್ತಿದ್ದೇನೆ. ಓದಿ ಬೇಸತ್ತು ಪಕ್ಕಕ್ಕಿಡುತ್ತಾರೆ ಅನ್ನುವುದು ಬೇರೆ ಮಾತು.

ಮಗೂ, ನಿನ್ನ ಪ್ಯಾರಾದಲ್ಲಿ ತಪ್ಪಿಲ್ಲ, ಆದರೆ ಅದರಲ್ಲಿ ನೀನಿಲ್ಲ. ಒಂದು ಪರೀಕ್ಷೆ ಹೇಳುತ್ತೇನೆ. ಬರೆದ ವಾಕ್ಯವನ್ನು ತಿರುಗಿಸಿ ನೋಡು. "ನಾನು ಎಲ್ಲರನ್ನೂ ಅಸಮಾನವಾಗಿ ಕಾಣುತ್ತೇನೆ" ಅಂತ ಯಾವನಾದರೂ ಅರ್ಜಿಯಲ್ಲಿ ಬರೆಯುತ್ತಾನೆಯೇ? ಇಲ್ಲ ಅಂದಮೇಲೆ ಆ ವಾಕ್ಯ ಏನನ್ನೂ ಹೇಳುತ್ತಿಲ್ಲ. ಅದೇ "ಮೊದಲ ಎರಡು ವಾರ ನಾನು ಯಾರನ್ನೂ ಹೆಸರು ಹಿಡಿದು ಪ್ರಶ್ನೆ ಕೇಳುವುದಿಲ್ಲ" ಅಂತ ಬರೆದರೆ, ಅದನ್ನು ಒಪ್ಪದವರು ಇದ್ದಾರೆ. ಹಾಗೆ ಬಿಟ್ಟರೆ ಹುಡುಗರು ಸೋಮಾರಿಗಳಾಗುತ್ತಾರೆ ಅಂತ ನಂಬಿದ ಒಳ್ಳೆಯ ಮೇಷ್ಟ್ರುಗಳನ್ನು ನಾನೇ ಕಂಡಿದ್ದೇನೆ. ವಾದಕ್ಕೆ ಜಾಗವಿರುವ ವಾಕ್ಯ ಮಾತ್ರ ನಿನ್ನದು.

ಇನ್ನು "ಸಮಾನವಾಗಿ ಕಾಣುತ್ತೇನೆ". ಬೋರ್ಡಿನ ಮೇಲೆ ಗ್ರಾಫ್ ಬರೆದು "ಇದು ಹೀಗೆ ಹೋಗುತ್ತೆ, ಇಲ್ಲಿ ಕತ್ತರಿಸುತ್ತೆ" ಅಂತ ಎಲ್ಲರಿಗೂ ಸಮಾನವಾಗಿಯೇ ಹೇಳುತ್ತೀವಿ. ಕಣ್ಣು ಕಾಣದ ಹುಡುಗನಿಗೆ ಆ ಸಮಾನತೆಯಿಂದ ಏನು ಸಿಕ್ಕಿತು?

ನಿನ್ನ ಯಾವುದಾದರೂ ಒಂದು ಪಾಠ ತೆಗೆದುಕೊ. ಅದರಲ್ಲಿ ಯಾರು ಬಾಯಿ ಬಿಡಲಿಲ್ಲ, ಯಾಕೆ ಬಿಡಲಿಲ್ಲ, ಅದಕ್ಕಾಗಿ ನೀನು ಏನನ್ನು ಬದಲಿಸಿದೆ, ಬದಲಿಸಿದ್ದರಿಂದ ಏನನ್ನು ಬಿಟ್ಟುಕೊಡಬೇಕಾಯಿತು. ಇಷ್ಟನ್ನು ಇಲ್ಲಿ ಬರೆ. ಫಿಲಾಸಫಿಯನ್ನು ಆಮೇಲೆ ಅದರೊಳಗಿಂದ ತೆಗೆಯೋಣ.

ಹಿಂದಿನ ಬೆಂಚು

ಫಾಲೋ ಮಾಡ್ತಿದ್ದೀನಿ. ನನ್ನ ಬಿ.ಎಡ್. ಮುಗಿಯೋ ಹೊತ್ತಿಗೆ ಬೇಕಾಗುತ್ತೆ.

ಯಶವಂತಪುರದ ಎಕನಾಮಿಕ್ಸ್ ಮಿಸ್

ಮೇಷ್ಟ್ರೇ, ಸರಿ. ಮೊದಲ ಸೆಮಿಸ್ಟರ್, "ಬೇಡಿಕೆಯ ಸ್ಥಿತಿಸ್ಥಾಪಕತ್ವ", ಅಂದರೆ ಬೆಲೆ ಬದಲಾದಾಗ ಜನ ಕೊಳ್ಳೋದು ಎಷ್ಟು ಬದಲಾಗುತ್ತೆ ಅನ್ನೋದು. ಪಠ್ಯಪುಸ್ತಕದಲ್ಲಿ ಕಾರು, ಪೆಟ್ರೋಲು, ಕಾಫಿ-ಟೀ ಉದಾಹರಣೆ. ಕ್ಲಾಸಿನಲ್ಲಿ ಅರ್ಧದಷ್ಟು ಮಂದಿ ಪಿಯುಸಿವರೆಗೆ ಕನ್ನಡ ಮಾಧ್ಯಮ. ಸಂಜೆ ಮೆಡಿಕಲ್ ಸ್ಟೋರಿನಲ್ಲಿ, ಮಾಲ್‌ನಲ್ಲಿ ಕೆಲಸ ಮಾಡೋರು ಇದ್ದಾರೆ. ಮಾತಾಡೋರು ಯಾವಾಗಲೂ ಅದೇ ಮುಂದಿನ ಸಾಲಿನ ನಾಲ್ಕೈದು ಜನ, ಇಂಗ್ಲಿಷ್ ಮಾಧ್ಯಮದಿಂದ ಬಂದೋರು.

ಅದಕ್ಕೆ ಪುಸ್ತಕದ ಉದಾಹರಣೆ ಬಿಟ್ಟು ಬಸ್ ಚಾರ್ಜು ಹಿಡಿದೆ. 2025ರ ಜನವರಿ 5ರಿಂದ ಬಿಎಂಟಿಸಿ ದರ 15% ಏರಿತು. ಫೆಬ್ರವರಿ 9ರಿಂದ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು, ಅದಾದ ಮೇಲೆ ಮೆಟ್ರೋ ಹತ್ತುವವರ ಸಂಖ್ಯೆ ಇಳಿಯಿತು ಅಂತ ಪೇಪರಿನಲ್ಲೂ ಬಂತು. "ನೀವು ಕಾಲೇಜಿಗೆ ಹೇಗೆ ಬರ್ತೀರಿ, ದರ ಏರಿದಾಗ ಏನು ಮಾಡಿದಿರಿ?" ಅಂತ ಕೇಳಿದೆ. ಕನ್ನಡದಲ್ಲೇ ಉತ್ತರ ಹೇಳಬಹುದು ಅಂದೆ. ಕ್ಲಾಸು ಗಲಗಲ ಅಂತು. ಹುಡುಗೀರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಬಸ್ಸಿನಲ್ಲಿ ದರವೇ ಸೊನ್ನೆ, ಹಾಗಾಗಿ 15% ಏರಿಕೆ ಅವರಿಗೆ ತಟ್ಟೋದೇ ಇಲ್ಲ. ಸ್ಟೂಡೆಂಟ್ ಪಾಸ್ ಇರೋರಿಗೂ ತಟ್ಟಲ್ಲ. ಒಂದೇ ಬೆಲೆ ಏರಿಕೆ ಒಂದೇ ಕ್ಲಾಸಿನಲ್ಲಿ ಮೂರು ಥರ! ಇದಕ್ಕಿಂತ ಒಳ್ಳೆ ಉದಾಹರಣೆ ಯಾವ ಪುಸ್ತಕದಲ್ಲೂ ಸಿಗಲ್ಲ ಅನ್ನಿಸ್ತು.

ಬಿಟ್ಟುಕೊಟ್ಟಿದ್ದು: ಆ ಘಟಕಕ್ಕೆ ಒಂದು ಪೀರಿಯಡ್ ಜಾಸ್ತಿ ಹೋಯಿತು. ಆದಾಯ ಬದಲಾದಾಗ ಬೇಡಿಕೆ ಏನಾಗುತ್ತೆ ಅನ್ನೋ ಆದಾಯ ಸ್ಥಿತಿಸ್ಥಾಪಕತ್ವವನ್ನು ಟಿಪ್ಪಣಿಗೆ ಬಿಟ್ಟೆ.

ಕೆಂಗೇರಿ ಕಾಮರ್ಸ್

ಚೆನ್ನಾಗಿದೆ, ಒಪ್ಕೋತೀನಿ. ಆದ್ರೆ ಬೇಜಾರು ಮಾಡ್ಕೋಬೇಡಿ. ನನ್ನ ಸೆಕ್ಷನ್ನಲ್ಲಿ 80ಕ್ಕೂ ಜಾಸ್ತಿ ಜನ. ಮೈಕ್ ಇಲ್ಲ, ಪಕ್ಕದಲ್ಲಿ ರಸ್ತೆ, ಫ್ಯಾನ್ ಶಬ್ದ ಬೇರೆ. ಸಿಲೆಬಸ್ ಮುಗಿಸಬೇಕು, ಇಂಟರ್ನಲ್ ಮಾರ್ಕ್ಸ್ ಪೋರ್ಟಲ್‌ಗೆ ಏರಿಸಬೇಕು, 75% ಅಟೆಂಡೆನ್ಸ್ ಲೆಕ್ಕ ಇಡಬೇಕು. ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ಕೆಲಸ ಇದೆಯೋ ಇಲ್ವೋ ಗೊತ್ತಿಲ್ಲ. ನಮ್ಮನ್ನೇ ವ್ಯವಸ್ಥೆ ಒಳಗೆ ಸೇರಿಸ್ಕೊಂಡಿಲ್ಲ, ನಾವು ಯಾರನ್ನ ಸೇರಿಸ್ಕೊಳ್ಳೋದು?

ನಲಿಕಲಿ ಟೀಚರ್, ಪೀಣ್ಯ

ಕೆಂಗೇರಿ ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಒಂದು ಮಾತು. ನಮ್ಮದು ಸರ್ಕಾರಿ ಪ್ರಾಥಮಿಕ ಶಾಲೆ. ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ. ಗಾರ್ಮೆಂಟ್ಸ್‌ಗೆ, ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಮನೆಯಲ್ಲಿ ಒಡಿಯಾ, ಹಿಂದಿ, ತೆಲುಗು, ಉರ್ದು. ಯಾದಗಿರಿ, ಕಲಬುರಗಿ ಕಡೆಯ ಮಕ್ಕಳೂ ಇದ್ದಾರೆ. ಅವರ ಕನ್ನಡ ಕೇಳಿ ಇಲ್ಲಿಯ ಮಕ್ಕಳು ನಗುತ್ತಾರೆ. ಭಾಷೆ ಬಾರದವನಿಗಿಂತ ಭಾಷೆ ಬಂದೂ ನಗೆಪಾಟಲಾದವನು ಬೇಗ ಬಾಯಿ ಮುಚ್ಚುತ್ತಾನೆ. ಇದನ್ನು ನಾನು ವರ್ಷಾ ವರ್ಷಾ ನೋಡ್ತೀನಿ.

ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಮ್ಮ ನಲಿಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮ ನೋಡಿಬಂದ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದರ ಜೀವ ಇರೋದು ಕಲಿಕಾ ಏಣಿಯಲ್ಲಿ, ಅಂದರೆ ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುವ ಮೆಟ್ಟಿಲುಗಳಲ್ಲಿ. ಮಗು ಹಬ್ಬಕ್ಕೋ ಸುಗ್ಗಿಗೋ ಊರಿಗೆ ಹೋಗಿ ಒಂದು ತಿಂಗಳು ಬಿಟ್ಟು ಬಂದರೂ, ಹೋಗುವಾಗ ಯಾವ ಮೈಲುಗಲ್ಲಲ್ಲಿ ಇತ್ತೋ ಅಲ್ಲಿಂದಲೇ ಶುರು. "ಆ ಪಾಠ ಆಗೋಯ್ತು" ಅನ್ನುವ ಮಾತೇ ಇಲ್ಲ. ಮಕ್ಕಳು ಕೂರೋದು ತಟ್ಟೆ ಪ್ರಕಾರ, ಅಂದರೆ ಗುಂಪು ಗುಂಪಾಗಿ. ಒಂದು ತಟ್ಟೆಗೆ ಪೂರ್ತಿ ನನ್ನ ಸಹಾಯ, ಒಂದಕ್ಕೆ ಸ್ವಲ್ಪ, ಇನ್ನೊಂದಕ್ಕೆ ಸಹಪಾಠಿಯ ಸಹಾಯ, ಕೊನೆಗೆ ತಾನೇ ಮಾಡೋದು. ಎಲ್ಲರಿಗೂ ಒಂದೇ ಸಲ ನಾನು ಬೇಕಾಗೋದಿಲ್ಲ, ಆದ್ದರಿಂದಲೇ ನಿಜವಾಗಿ ಬೇಕಾದವರಿಗೆ ಸಿಗ್ತೀನಿ.

ಕಷ್ಟ ಇಲ್ಲ ಅಂತಲ್ಲ. ಕಾರ್ಡು ಹರಿದಿರ್ತವೆ, ದಾಖಲೆ ಬರೆಯೋದೇ ದೊಡ್ಡ ಕೆಲಸ, ನಾಲ್ಕನೇ ತರಗತಿಗೆ ಹೋದ ಕೂಡಲೇ ಮತ್ತೆ ಎಲ್ಲರಿಗೂ ಒಂದೇ ಪಾಠ. ಪೋಷಕರಿಗೂ ಸಂಶಯ: "ಮಕ್ಕಳು ಆಟ ಆಡ್ತಾವೆ, ಓದ್ಸೋದು ಯಾವಾಗ ಮಿಸ್?" ಅಂತಾರೆ.

ನೀವು ಪದವಿಯವರು 80 ಜನರಿಗೂ ನಾನೊಬ್ಬನೇ ಅಂತ ಯಾಕೆ ಅಂದುಕೋತೀರಿ? ಅವರೊಳಗೇ ಎಷ್ಟು ಜನ ಹೇಳಿಕೊಡಬಲ್ಲವರು ಇದ್ದಾರೆ ನೋಡಿ.

ಕಿವಿಯೋದುಗ

ನಾನು ಎಂ.ಎ. ವಿದ್ಯಾರ್ಥಿ, ಹುಟ್ಟಿನಿಂದ ದೃಷ್ಟಿ ಇಲ್ಲ. ಚರ್ಚೆಯಲ್ಲಿ "ಕಣ್ಣು ಕಾಣದ ಹುಡುಗ" ಬಂದು ಹೋದ, ಅವನ ಪರವಾಗಿ ಎರಡು ಮಾತು.

ಕೆಂಗೇರಿ ಸರ್, ದುಡ್ಡು, ಮೈಕು ಏನೂ ಬೇಡದ ಕೆಲಸ ಒಂದಿದೆ: ನೋಟ್ಸನ್ನು, ಯಾವ ಕಂಪ್ಯೂಟರೂ ಕನ್ನಡ ಅಂತಲೇ ಗುರುತಿಸುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಕೊಡಿ. ನಾನು ಓದೋದು ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶದಿಂದ, ಪರದೆಯಲ್ಲಿರೋದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತೆ, ಕನ್ನಡವನ್ನೂ ಓದುತ್ತೆ. ಆದರೆ ನಮ್ಮ ಮೇಷ್ಟ್ರುಗಳು ಕಳಿಸೋದು ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತ. ನಿಮ್ಮ ಕಣ್ಣಿಗೆ ಚೆಂದದ ಕನ್ನಡ. ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಎನ್‌ವಿಡಿಎ ಪ್ರಾಮಾಣಿಕವಾಗಿ ಅದನ್ನೇ ಓದುತ್ತೆ. ಪಂಪನ ಮೇಲಿನ ಟಿಪ್ಪಣಿ ತೆರೆದರೆ ಯಾವುದೋ ಗ್ರಹದ ಭಾಷೆ ಕೇಳಿಸುತ್ತೆ. ಇನ್ನು ಕೆಲವರು ಪುಸ್ತಕದ ಪುಟವನ್ನು ಮೊಬೈಲಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿ ವಾಟ್ಸ್ಆ್ಯಪ್‌ಗೆ ಹಾಕ್ತಾರೆ. ಅದರಲ್ಲಿ ಆ ಗ್ರಹದ ಭಾಷೆಯೂ ಇಲ್ಲ, ಬರೀ ಮೌನ.

ಎರಡನೆಯದು, ಬೋರ್ಡಿಗೆ ಬರೆಯೋದನ್ನು ಬಾಯಲ್ಲೂ ಹೇಳಿ. "ಇದು", "ಅದು", "ಇಲ್ಲಿ" ಬೇಡ. "ಬೆಲೆ ಎಡಗಡೆ ಮೇಲ್ಮುಖವಾಗಿ, ಪ್ರಮಾಣ ಕೆಳಗೆ ಬಲಕ್ಕೆ, ಬೇಡಿಕೆಯ ರೇಖೆ ಎಡದ ಮೇಲಿಂದ ಬಲದ ಕೆಳಕ್ಕೆ ಇಳಿಯುತ್ತೆ" ಅನ್ನಿ. ಹೀಗೆ ಹೇಳಿದ ಒಬ್ಬ ಮೇಷ್ಟ್ರ ಪಾಠಕ್ಕೆ ಕಣ್ಣಿರೋ ಸ್ನೇಹಿತರೂ ಮುಗಿಬೀಳ್ತಿದ್ದರು. ಕೊನೇ ಬೆಂಚಿಗೆ ಬೋರ್ಡು ಎಲ್ಲಿ ಕಾಣುತ್ತೆ ಹೇಳಿ!

ಬಸವನಗುಡಿ ಅಮ್ಮ

ನಾನು ಶಿಕ್ಷಕಿ ಅಲ್ಲ, ತಾಯಿ. ಮಗನಿಗೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಹಿಡಿದು ಓದೋದು, ಬರೆಯೋದು ಕಷ್ಟ. 1995ರ ಕಾಯ್ದೆಯಲ್ಲಿ ಇದರ ಹೆಸರೇ ಇರಲಿಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. ಹೆಚ್ಚುವರಿ ಸಮಯ, ಬರಹಗಾರರ ಸಹಾಯ, ಎರಡನೇ ಮೂರನೇ ಭಾಷೆಯ ವಿನಾಯಿತಿ ಎಲ್ಲ ಕಾಯ್ದೆಯಲ್ಲೇ ಇದೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚು ಸಮಯ ಕೊಡಬೇಕು ಅಂತ 2018ರಲ್ಲಿ ಬಂದ ಮಾರ್ಗಸೂಚಿಯೇ ಹೇಳಿತ್ತು. ಶಾಲೆ ಅದನ್ನು ಕೊಡ್ತು, ದೂರು ಇಲ್ಲ.

ಕಷ್ಟ ಆಗಿದ್ದು ಕಾಗದದಲ್ಲಿ ಬರದ ಸಂಗತಿಗಳಿಂದ. "ಒಬ್ಬೊಬ್ಬರಾಗಿ ಎದ್ದು ಒಂದೊಂದು ಪ್ಯಾರಾ ಓದಿ" ಅನ್ನೋ ಪೀರಿಯಡ್ ಇದ್ದ ದಿನ ಅವನಿಗೆ ಬೆಳಗ್ಗೆನೇ ಹೊಟ್ಟೆನೋವು. ಒಬ್ಬ ಮಿಸ್ ಇದನ್ನು ಗಮನಿಸಿ, ಹಿಂದಿನ ದಿನವೇ ಇವನಿಗೆ ಯಾವ ಪ್ಯಾರಾ ಅಂತ ಹೇಳಿ ಕಳಿಸೋಕೆ ಶುರು ಮಾಡಿದರು. ಮನೇಲಿ ಓದಿಕೊಂಡು ಹೋಗ್ತಿದ್ದ. ಕ್ಲಾಸಿಗೆ ಅದು ಗೊತ್ತೇ ಆಗಲಿಲ್ಲ. ನಿಮ್ಮ ಫಿಲಾಸಫಿಯಲ್ಲಿ ಇಂಥದ್ದು ಎಲ್ಲಿ ಬರೆಯುತ್ತೀರೋ ಗೊತ್ತಿಲ್ಲ, ನನ್ನ ಮಗನ ಮಟ್ಟಿಗೆ ಆ ಮಿಸ್‌ನ ಫಿಲಾಸಫಿ ಅಷ್ಟೇ.

ಕೆಂಗೇರಿ ಕಾಮರ್ಸ್

ಸಮಯದ ವಿಷಯ ಬಂತಲ್ಲ ಅಮ್ಮ, ನಾನೊಂದು ಮಾಡ್ತೀನಿ, ಇದಕ್ಕೆ ಏನಾದ್ರೂ ಹೆಸರು ಇದೆಯೋ ಗೊತ್ತಿಲ್ಲ. ಇಂಟರ್ನಲ್ ಟೆಸ್ಟ್ ಒಂದು ಗಂಟೆ. ಪೇಪರ್ ಮಾಡೋದು 45 ನಿಮಿಷಕ್ಕೆ. 45ಕ್ಕೆ ಗಂಟೆಗೆ 20ರ ಲೆಕ್ಕದಲ್ಲಿ 15 ನಿಮಿಷ ಸೇರಿದ್ರೆ ಸರಿಯಾಗಿ 60. ಸ್ಪೀಡಾಗಿ ಬರೆಯೋನು ಬೇಗ ಎದ್ದು ಹೋಗ್ಲಿ, ಬೇಕಾದೋನು ಕೂತು ಬರೀಲಿ. "ಎಕ್ಸ್‌ಟ್ರಾ ಟೈಮ್ ಇರೋರು ಕೂತ್ಕೊಳ್ಳಿ, ಮಿಕ್ಕೋರು ಏಳಿ" ಅನ್ನೋ ನಾಟಕ ಬೇಡ. ಹತ್ತು ಪ್ರಶ್ನೆ ಇದ್ದದ್ದು ಎಂಟಾಯ್ತು, ಅಷ್ಟೇ.

ನಿವೃತ್ತ ಮೇಷ್ಟ್ರು, ಜಯನಗರ

ಯಾರನ್ನೂ ಸೇರಿಸಿಕೊಳ್ಳಲು ಆಗುವುದಿಲ್ಲ ಎಂದವರು ನೀವೇ ಅಲ್ಲವೇ? ಒಂದು ಎಚ್ಚರಿಕೆ ಮಾತ್ರ. ಇದು ನಿಮ್ಮ ಒಳಗಿನ ಟೆಸ್ಟಿಗೆ ಸರಿ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ನಿಮ್ಮ ಕೈಯಲ್ಲಿಲ್ಲ, ಅಲ್ಲಿ ಪ್ರಮಾಣಪತ್ರ ಇರುವ ವಿದ್ಯಾರ್ಥಿಗೆ ಹೆಚ್ಚುವರಿ ಸಮಯವನ್ನು ಪ್ರತ್ಯೇಕವಾಗಿ ಕೊಡಲೇಬೇಕು. "ನಮ್ಮಲ್ಲಿ ಎಲ್ಲರಿಗೂ ಬೇಕಾದಷ್ಟು ಟೈಮ್ ಇದೆ" ಎಂದು ಅದನ್ನು ತಪ್ಪಿಸುವ ಹಾಗಿಲ್ಲ.

ಇದಕ್ಕೆ ಹೆಸರಿದೆಯೋ ಗೊತ್ತಿಲ್ಲ ಎಂದಿರಲ್ಲ, ಇದೆ. ಅಮೆರಿಕದಲ್ಲಿ 1984ರಲ್ಲಿ ಶುರುವಾದ ಕಾಸ್ಟ್ (CAST) ಎಂಬ ಸಂಸ್ಥೆ ರೂಪಿಸಿದ ಕಲಿಕೆಯ ಸಾರ್ವತ್ರಿಕ ವಿನ್ಯಾಸ, ಯುಡಿಎಲ್. ಆಸಕ್ತಿ ಹುಟ್ಟಿಸಲು, ವಿಷಯವನ್ನು ಮುಂದಿಡಲು, ಕಲಿತದ್ದನ್ನು ತೋರಿಸಲು ಒಂದಕ್ಕಿಂತ ಹೆಚ್ಚು ದಾರಿ ಇರಲಿ ಎನ್ನುತ್ತದೆ. ಒಬ್ಬನಿಗಾಗಿ ಆಮೇಲೆ ತೇಪೆ ಹಾಕುವುದಕ್ಕಿಂತ ಮೊದಲೇ ಎಲ್ಲರಿಗೂ ಆಗುವಂತೆ ಹೊಲಿಯುವುದು. ಈ ಹೆಸರನ್ನು ಅರ್ಜಿಯಲ್ಲಿ ಬರೆದರೆ ಅಂಕ ಸಿಗುತ್ತದೆ ಎಂದು ಕೆಲವರು ನಂಬಿದ್ದಾರೆ. ಹೆಸರಿನ ಕೆಳಗೆ ಎಂಟು ಪ್ರಶ್ನೆಯ ಪೇಪರ್ ಇಲ್ಲದಿದ್ದರೆ ನನ್ನ ಕೈಯಲ್ಲಂತೂ ಸಿಗುತ್ತಿರಲಿಲ್ಲ.

ಹಿಂದಿನ ಬೆಂಚು

ಸುಮ್ಮನೆ ಓದ್ತಾ ಇದ್ದೆ, ಮಿಸ್ ಬರೆದ ಬಸ್ ಉದಾಹರಣೆ ಬಗ್ಗೆ ಹೇಳದೆ ಇರೋಕಾಗ್ತಿಲ್ಲ. ತಪ್ಪು ತಿಳಿಬೇಡಿ ಮಿಸ್.

"ಕಾಲೇಜಿಗೆ ಹೇಗೆ ಬರ್ತೀರಿ" ಅಂತ ಎಲ್ಲರ ಮುಂದೆ ಕೇಳಿದ್ರೆ ನಾನು ಸುಳ್ಳು ಹೇಳ್ತಿದ್ದೆ. ದರ ಏರಿದಾಗ ಎರಡು ಸ್ಟಾಪ್ ಮೊದಲೇ ಇಳಿದು ನಡೀತಿದ್ದೆ. ಅದನ್ನ ಕಾರಲ್ಲಿ ಬರೋನ ಮುಂದೆ ಹೇಳ್ಬೇಕಾ? ಅಸ್ಸಾಂನಿಂದ ಬಂದ ಸಹಪಾಠಿ ಒಬ್ಬಳಿದ್ದಳು, ಕರ್ನಾಟಕದ ವಿಳಾಸ ಇಲ್ಲ, ಅವಳಿಗೆ ಶಕ್ತಿ ಟಿಕೆಟ್ ಸಿಗ್ತಿರಲಿಲ್ಲ. "ಹುಡುಗೀರಿಗೆಲ್ಲ ಫ್ರೀ" ಅಂದಾಗ ಅವಳು ಎಲ್ಲಿ ನೋಡ್ಬೇಕು?

ಇನ್ನೊಂದು. ನಮ್ಮ ಕಾಲೇಜಲ್ಲಿ ಸ್ಕಾಲರ್‌ಶಿಪ್ ಅರ್ಜಿ ಬಂದಾಗ "ಎಸ್ಸಿ ಎಸ್ಟಿಯವರು ಎದ್ದು ನಿಂತ್ಕೊಳ್ಳಿ, ಎಣಿಸ್ಬೇಕು" ಅನ್ನೋರು. ಕೆಟ್ಟ ಉದ್ದೇಶ ಇರ್ಲಿಲ್ಲ, ಬೇಗ ಕೆಲಸ ಮುಗೀಲಿ ಅಂತ. ಎದ್ದು ನಿಂತ ಆ ಅರ್ಧ ನಿಮಿಷದ ನಂತರ ಯಾರ ಟಿಫನ್ ಬಾಕ್ಸ್‌ಗೆ ಯಾರು ಕೈ ಹಾಕ್ತಾರೆ ಅನ್ನೋದು ಬದಲಾಗಿತ್ತು. ಎಸ್‌ಎಸ್‌ಪಿ ಪೋರ್ಟಲ್‌ನ ಕೊನೇ ದಿನಾಂಕವನ್ನ ಇಡೀ ಕ್ಲಾಸಿಗೆ ಹೇಳಿ, "ಬೇಕಾದೋರು ಆಫೀಸಿಗೆ ಹೋಗಿ" ಅಂದ್ರೆ ಸಾಕಿತ್ತು.

ಯಶವಂತಪುರದ ಎಕನಾಮಿಕ್ಸ್ ಮಿಸ್

ತಪ್ಪು ಯಾಕೆ ತಿಳೀಲಿ, ಇದಕ್ಕೇ ಇಲ್ಲಿ ಕೇಳಿದ್ದು. ಹಾಗಾದರೆ ಹೀಗೆ ಮಾಡಿದರೆ? ಯಾರೂ ತಮ್ಮ ಬಗ್ಗೆ ಹೇಳೋದು ಬೇಡ. ಪಾತ್ರಗಳನ್ನು ನಾನೇ ಕೊಡ್ತೀನಿ. ಮುಂಜಾನೆ ಕೆ.ಆರ್. ಮಾರ್ಕೆಟ್‌ಗೆ ಹೋಗುವ ಹೂವಿನ ವ್ಯಾಪಾರಿ, ಪೀಣ್ಯದ ಗಾರ್ಮೆಂಟ್ಸ್ ಮಹಿಳೆ, ರಾತ್ರಿ ಪಾಳಿಯ ಸೆಕ್ಯೂರಿಟಿ, ಬೊಮ್ಮಸಂದ್ರದಲ್ಲಿ ಕೆಲಸ ಮಾಡುವ ಹೊರ ರಾಜ್ಯದ ಹುಡುಗಿ, ಮೆಟ್ರೋದಲ್ಲಿ ವೈಟ್‌ಫೀಲ್ಡ್‌ಗೆ ಹೋಗುವ ಐಟಿ ಉದ್ಯೋಗಿ. ದರ ಏರಿದಾಗ ಯಾರು ಏನು ಮಾಡ್ತಾರೆ, ಯಾರ ಬೇಡಿಕೆ ಬಾಗುತ್ತೆ, ಯಾರದ್ದು ಬಾಗಲ್ಲ, ಯಾಕೆ? ಇಬ್ಬಿಬ್ಬರು ಮಾತಾಡಿಕೊಂಡು ಚೀಟಿಯಲ್ಲಿ ಬರೆಯಲಿ, ಕನ್ನಡವೋ ಇಂಗ್ಲಿಷೋ, ಹೆಸರು ಬೇಡ. ತನ್ನ ಅನುಭವ ಹೇಳಬೇಕು ಅನ್ನಿಸಿದವರು ಪಾತ್ರದ ಬಾಯಲ್ಲೇ ಹೇಳಬಹುದು.

ಹಿಂದಿನ ಬೆಂಚು

ಹ್ಞೂಂ. ಇದರಲ್ಲಿ ನಾನು ಮಾತಾಡ್ತಿದ್ದೆ.

ನಲಿಕಲಿ ಟೀಚರ್, ಪೀಣ್ಯ

ಜೋಡಿ ಮಾಡುವಾಗ ಭಾಷೆ ನೋಡಿ ಮಿಸ್. ಕನ್ನಡ ಬಾರದ ಇಬ್ಬರು ಒಟ್ಟಿಗೆ ಬಿದ್ದರೆ ಚೀಟಿ ಖಾಲಿ ಬರುತ್ತೆ.

ನಿವೃತ್ತ ಮೇಷ್ಟ್ರು, ಜಯನಗರ

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದನ್ನೂ ಸೇರಿಸು. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಸಂಶೋಧಕಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಮೇಷ್ಟ್ರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಬೇಕಾದ ನಿನ್ನ ಹುಡುಗರಿಗೆ ಮೂರೂ ಸಾಲದು. ನಿನ್ನ ಮುಂದಿನ ಸಾಲಿನ ನಾಲ್ಕೈದು ಜನ ಜಾಣರಿರಬಹುದು, ಇಲ್ಲವೇ ಬರೀ ಬೇಗ ಕೈ ಎತ್ತುವವರಿರಬಹುದು. ಒಂದು ಸೆಕೆಂಡಿನಲ್ಲಿ ಆ ವ್ಯತ್ಯಾಸ ತಿಳಿಯುವುದಿಲ್ಲ.

ಕೆಂಗೇರಿ ಕಾಮರ್ಸ್

80 ಜನರ ಮುಂದೆ ಮೂರು ಸೆಕೆಂಡು ಸುಮ್ನೆ ನಿಂತ್ ನೋಡಿ ಮೇಷ್ಟ್ರೇ, ಹಿಂದಿಂದ ಶಿಳ್ಳೆ ಬರುತ್ತೆ.

ನಿವೃತ್ತ ಮೇಷ್ಟ್ರು, ಜಯನಗರ

ನಿಂತಿದ್ದೇನೆ. ಬಂದಿದೆ. ಎರಡನೇ ವಾರಕ್ಕೆ ನಿಲ್ಲುತ್ತದೆ.

ಯಶವಂತಪುರದ ಎಕನಾಮಿಕ್ಸ್ ಮಿಸ್

ರಾತ್ರಿ ಕೂತು ಮತ್ತೆ ಬರೆದೆ. ಮೊದಲ ಪ್ಯಾರಾ ಇಷ್ಟು:

"ನನ್ನ ತರಗತಿಯಲ್ಲಿ ಅರ್ಥಶಾಸ್ತ್ರ ವಿದ್ಯಾರ್ಥಿಗಳ ಊರಿನಿಂದ ಶುರುವಾಗುತ್ತದೆ, ಆದರೆ ಯಾವ ವಿದ್ಯಾರ್ಥಿಯೂ ತನ್ನ ಮನೆಯ ಸ್ಥಿತಿಯನ್ನು ಬಯಲಿಗಿಡಬೇಕಾಗಿಲ್ಲ. ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ನಾನು ಬೆಂಗಳೂರಿನ ಬಸ್ ಮತ್ತು ಮೆಟ್ರೋ ದರ ಏರಿಕೆಯ ಮೂಲಕ, ಐದು ಕಾಲ್ಪನಿಕ ಪ್ರಯಾಣಿಕರನ್ನಿಟ್ಟು ಕಲಿಸುತ್ತೇನೆ. ಉತ್ತರವು ಕನ್ನಡದಲ್ಲಿರಬಹುದು, ಇಂಗ್ಲಿಷಿನಲ್ಲಿರಬಹುದು. ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಕೊಡುತ್ತೇನೆ. ಇದಕ್ಕೆ ಒಂದು ಪೀರಿಯಡ್ ಹೆಚ್ಚು ಬೇಕು. ಆ ಸಮಯವನ್ನು ಟಿಪ್ಪಣಿಯಿಂದ ಕಲಿಯಬಹುದಾದ ಭಾಗದಿಂದ ತೆಗೆದುಕೊಳ್ಳುತ್ತೇನೆ. ಟಿಪ್ಪಣಿಗಳೆಲ್ಲ ಯುನಿಕೋಡ್‌ನಲ್ಲಿರುತ್ತವೆ."

ನಿವೃತ್ತ ಮೇಷ್ಟ್ರು, ಜಯನಗರ

ಇದನ್ನು ಓದಿದರೆ ನಾನು ಸಂದರ್ಶನಕ್ಕೆ ಕರೆಯುತ್ತೇನೆ. ಯಾಕೆ ಎರಡು ಭಾಷೆ, ಕನ್ನಡ ಬಾರದವರಿಗೆ ಏನು, ಎಂದು ಕೇಳುತ್ತಾರೆ. ಉತ್ತರ ಇಟ್ಟುಕೊ. ಇಂಗ್ಲಿಷಿನಲ್ಲಿ ಅನುವಾದಿಸುವಾಗ ಮೊದಲ ಡ್ರಾಫ್ಟಿನ "ಸಮಗ್ರ", "ಮೌಲ್ಯಾಧಾರಿತ" ಮತ್ತೆ ನುಸುಳಿ ಬರುತ್ತವೆ, ಹುಷಾರು.

ಡೆಮೊ ತರಗತಿ ಇದ್ದರೆ ಸಮಿತಿಯವರಿಗೆ ಪಾಠ ಮಾಡಬೇಡ, ಅವರ ಕೈಗೂ ಚೀಟಿ ಕೊಟ್ಟು ಬರೆಸು.

ಕೆಂಗೇರಿ ಕಾಮರ್ಸ್

ಮೇಡಂ, ಆ ಐದು ಪಾತ್ರದ ಹಾಳೆ ಇಲ್ಲಿ ಹಾಕ್ತೀರಾ? ಜಿಎಸ್‌ಟಿ ಪಾಠಕ್ಕೆ ಬದಲಾಯಿಸ್ಕೊಳ್ಳೋಣ ಅಂತ. ಅತಿಥಿ ಉಪನ್ಯಾಸಕರ ಬಗ್ಗೆ ನಾನು ಹೇಳಿದ್ದು ಹಾಗೇ ಇದೆ, ಅದರಿಂದ ಹಿಂದೆ ಸರಿದಿಲ್ಲ. ಅಂದ ಹಾಗೆ 80 ಚೀಟಿ ಯಾರು ಓದ್ತಾರೆ?

ಯಶವಂತಪುರದ ಎಕನಾಮಿಕ್ಸ್ ಮಿಸ್

ಹಿಂದೆ ಸರಿಯಬೇಡಿ ಸರ್, ನಾನೂ ಅದೇ ಸಾಲಿನಲ್ಲಿ ನಿಂತಿರೋಳು. ಇಬ್ಬರಿಗೊಂದು ಚೀಟಿ, ಅಂದರೆ 40. ಅದರಲ್ಲಿ ಕಣ್ಣು ಮುಚ್ಚಿ ಹತ್ತು ತೆಗೆದು ಓದಿ ಸಾಕು, ಮಾರನೇ ದಿನ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತೆ. ಹಾಳೆ ಸಂಜೆ ಹಾಕ್ತೀನಿ, ನುಡಿಯಲ್ಲಿದೆ, ಬದಲಾಯಿಸಬೇಕು.

ಕಿವಿಯೋದುಗ

ಮತ್ತೆ ಟೈಪ್ ಮಾಡಬೇಡಿ ಮಿಸ್. ನುಡಿಯಲ್ಲೇ ಪರಿವರ್ತಕ ಇದೆ, ಆನ್‌ಲೈನಲ್ಲೂ ಸಿಗುತ್ತೆ. ಆದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ, ಅಲ್ಲೇ ಎಡವಟ್ಟಾಗೋದು. ಸಂಜೆ ಹಾಕಿದರೆ ನಾನು ಕೇಳಿ ಹೇಳ್ತೀನಿ.